ಗೋಪಿಯ ಫೋಲ್ಡರಿನಲ್ಲಿ ಒಂದು ಚಿತ್ರ ಹೆಚ್ಚು

ಬೆಳಗಿನ ಐದೂಕಾಲು. ಕೋಟ್ಟಯಂನ ನಾಗಂಪಡದಲ್ಲಿ ದಸ್ತಾವೇಜು ಬರೆಯುವವರ ಕಚೇರಿಯೊಂದರ ಬೀಗ ತೆಗೆದು ಎಲ್ಸಿಕುಟ್ಟಿ ಒಳಗೆ ಹೋಗುತ್ತಾರೆ. ದೀಪ ಹಾಕುವುದಿಲ್ಲ. ಚಪ್ಪಲಿ ಬಿಟ್ಟು, ಕತ್ತಲಲ್ಲೇ ನಾಲ್ಕು ಹೆಜ್ಜೆ ನಡೆದು, ಗೋಡೆಯ ಹಲಗೆಯ ಮುಂದೆ ನಿಲ್ಲುತ್ತಾರೆ. ಹಲಗೆಯ ಮೇಲೆ ಇಟ್ಟಿಗೆಗಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆ, ಅದರ ಮುಖದಲ್ಲಿ ಮೂರು ಹಸಿರು ಚುಕ್ಕೆ. ಅಂಗೈಯನ್ನು ಅದರ ನೆತ್ತಿಯ ಮೇಲಿಟ್ಟು, ತಲೆ ಓರೆ ಮಾಡಿ ಕಿವಿ ಹಚ್ಚುತ್ತಾರೆ. ಜ್ವರ ಬಂದ ಮಗುವನ್ನು ಮುಟ್ಟಿ ನೋಡಿದ ಹಾಗೆ.

"ದೀಪ ಹಾಕಿದ್ರೆ ಕಣ್ಣೇ ಎಲ್ಲ ಕೆಲಸ ಮಾಡುತ್ತೆ, ಕಿವಿ ಸೋಮಾರಿ ಆಗುತ್ತೆ," ಎನ್ನುತ್ತಾರೆ ಅವರು. "ಡಿಸ್ಕ್ ಕೆಡೋಕೆ ಮುಂಚೆ ಸದ್ದು ಬದಲಾಗುತ್ತೆ. ಟಿಕ್ ಅಂತ ಒಂದು ಸಣ್ಣ ಸದ್ದು. ಹಗಲಲ್ಲಿ, ಫ್ಯಾನ್ ತಿರುಗುವಾಗ, ಜನ ಮಾತಾಡುವಾಗ ಅದು ಕೇಳಿಸಲ್ಲ."

ಐವತ್ನಾಲ್ಕರ ಎಲ್ಸಿಕುಟ್ಟಿಯ ಸೊಂಟದ ಗೊಂಚಲಿನಲ್ಲಿ ಇಪ್ಪತ್ಮೂರು ಬೀಗದ ಕೈಗಳಿವೆ. ಒಂದೊಂದೂ ಒಂದು ಸಣ್ಣ ಕಚೇರಿಯದೋ ಮನೆಯದೋ. ಒಬ್ಬ ಹೋಮಿಯೋಪತಿ ವೈದ್ಯ, ಮೂರು ಮದುವೆ ಫೋಟೋ ಸ್ಟುಡಿಯೊ, ಒಂದು ಇಗರ್ಜಿ, ಮನೆ ನಕ್ಷೆ ಬರೆಯುವವರು. ಇವರೆಲ್ಲರ ಕಂಪ್ಯೂಟರುಗಳು ದಿನವಿಡೀ ದುಡಿದದ್ದನ್ನು ರಾತ್ರಿ, ಒಳಗೆ ಡಿಸ್ಕುಗಳಿರುವ ಈ ಪೆಟ್ಟಿಗೆಗಳಿಗೆ ಕಳಿಸುತ್ತವೆ. ನಕಲು ಮುಗಿದಿದೆಯೇ ಎಂದು ಬಾಗಿಲು ತೆರೆಯುವ ಮುನ್ನ ನೋಡುವುದು ಎಲ್ಸಿಕುಟ್ಟಿಯ ಕೆಲಸ. ದಿನಕ್ಕೆ ಐದು ಕಡೆ. ಎಂಟು ವರ್ಷಗಳಲ್ಲಿ ಅವರು ಆರಿಸಿ ಕೂರಿಸಿದ ಪೆಟ್ಟಿಗೆಗಳು ಅರವತ್ತೊಂದು.

"ಇವಳನ್ನ ಕಟ್ಟಿಕೊಂಡಿದ್ದು ನಾನು, ಕಾವಲು ಕಾಯೋದು ಊರಿನ ಪೆಟ್ಟಿಗೆಗಳನ್ನ," ಎಂದು ಗಂಡ ಕುರಿಯಾಕೋಸ್ ಹಾಲಿಲ್ಲದ ಕಟ್ಟನ್ ಕಾಪಿ ಹೀರುತ್ತ ಕೆಣಕುತ್ತಾರೆ.

"ಅವು ನಿಮ್ಮ ಹಾಗೆ ಗೊರಕೆ ಹೊಡೆಯಲ್ಲ," ಎನ್ನುವುದು ಎಲ್ಸಿಕುಟ್ಟಿಯ ಉತ್ತರ.

ಊರೇ ಮುಳುಗಿದ ಪ್ರಳಯದ ವರ್ಷಕ್ಕೆ ಮುಂಚೆ ಅವರಿಗೆ ಸ್ವಂತ ಡಿಟಿಪಿ ಅಂಗಡಿ ಇತ್ತು. ನೀರು ಸೊಂಟದ ಮಟ್ಟಕ್ಕೆ ನುಗ್ಗಿದಾಗ ಮೇಜಿನ ಕೆಳಗಿದ್ದ ಎರಡು ಕಂಪ್ಯೂಟರುಗಳ ಜೊತೆ ಹತ್ತೊಂಬತ್ತು ವರ್ಷಗಳ ಕೆಲಸ ಮುಳುಗಿತು. ಅದರಲ್ಲಿ ತೀರಿಕೊಂಡ ಅಕ್ಕನ ಧ್ವನಿಯೂ ಇತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಅಕ್ಕ ಹಾಡಿದ್ದ ಮೂರು ನಿಮಿಷದ ಕೀರ್ತನೆ. "ಅಕ್ಕ ಎರಡು ಸಲ ಹೋದಳು," ಎಂದಷ್ಟೇ ಹೇಳಿ ಅವರು ಆ ಮಾತನ್ನು ಅಲ್ಲಿಗೇ ಬಿಡುತ್ತಾರೆ. ಆ ಕೆಸರನ್ನು ತೊಳೆಯುತ್ತಲೇ ಈ ವಿದ್ಯೆ ಕಲಿತದ್ದು.

ಪೆಟ್ಟಿಗೆ ಬೇಕೆಂದು ಬಂದವರಿಗೆ ಅವರು ಮೊದಲು ಅಂಗಡಿ ತೋರಿಸುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಎಷ್ಟು ಜನ ಒಟ್ಟಿಗೆ ಬಳಸ್ತೀರಿ? ವರ್ಷಕ್ಕೆ ಎಷ್ಟು ತುಂಬುತ್ತೆ? ಕರೆಂಟ್ ಎಷ್ಟು ಸಲ ಹೋಗುತ್ತೆ? ಮಲಗುವ ಕೋಣೆಯ ಪಕ್ಕ ಇಡ್ತೀರಾ? ಕಳೆದ ವಾರ ಇಗರ್ಜಿಯ ಪಾದ್ರಿ ಅಚ್ಚನ್, ನಾಲ್ಕು ಡಿಸ್ಕಿನ, ನೀಲಿ ದೀಪ ಮಿನುಗುವ ಪೆಟ್ಟಿಗೆಗೆ ಮನಸೋತಿದ್ದರು.

"ಅಚ್ಚಾ, ನಿಮ್ಮ ಹತ್ರ ಇರೋದು ಜ್ಞಾನಸ್ನಾನದ ರಿಜಿಸ್ಟರು. ಅದಕ್ಕೆ ಎರಡು ಡಿಸ್ಕ್ ಧಾರಾಳ. ಉಳಿದ ದುಡ್ಡಲ್ಲಿ ಒಳ್ಳೆ ಯುಪಿಎಸ್ ತಗೊಳ್ಳಿ."

"ಎರಡರಲ್ಲೂ ಒಂದೇ ಬರೆಯುತ್ತೆ ಅಂತೀಯಲ್ಲ. ಒಂದು ಹೋದ್ರೆ ಇನ್ನೊಂದಿದೆ. ಮತ್ತೆ ಹೊರಗಡೆ ಬೇರೆ ನಕಲು ಯಾಕೆ ಮೋಳೇ?" ಎಂದು ಅಚ್ಚನ್ ಮಗಳನ್ನು ಕೇಳುವ ಹಾಗೆ ಕೇಳಿದರು.

"ನೀವು ಕೈತಪ್ಪಿ ಒಂದು ಹೆಸರು ಅಳಿಸಿದ್ರೆ ಎರಡರಲ್ಲೂ ಅಳಿಯುತ್ತೆ. ಕಳ್ಳ ಬಂದ್ರೆ ಎರಡನ್ನೂ ಒಟ್ಟಿಗೇ ಹೊತ್ಕೊಂಡು ಹೋಗ್ತಾನೆ. ನೀರು ಬಂದ್ರೂ ಅಷ್ಟೇ."

ಇಂಥ ಹೆಂಗಸು, ಈ ವರ್ಷದ ಜನವರಿಯಲ್ಲಿ ಒಂದು ಬೆಳಿಗ್ಗೆ, ಒಂದು ಪೆಟ್ಟಿಗೆಯ ಮುಂದೆ ನಿಂತು ಹೆದರಿದರು.

ಅದು ಸರ್ವೇಯರ್ ಗೋಪಿನಾಥ ಪಣಿಕ್ಕರರ ಕಚೇರಿ, ಮನೆಯ ಮೇಲಂತಸ್ತು. ಹಿಂದಿನ ಫೆಬ್ರವರಿಯಲ್ಲಿ ಗೋಪಿ ಕುಮರಕದ ಹಿನ್ನೀರಿನಲ್ಲಿ ದೋಣಿಯಲ್ಲಿದ್ದಾಗ ಎದೆನೋವಿನಿಂದ ತೀರಿಕೊಂಡಿದ್ದರು. ಅವರ ಫೋನು ಸಿಕ್ಕಿರಲೇ ಇಲ್ಲ. ನಕ್ಷೆಯ ಕೆಲಸವನ್ನು ಹೆಂಡತಿ ರಮಣಿ ಮುಂದುವರಿಸಿದ್ದರು. ಮಂಡಿ ನೋವಿನಿಂದಾಗಿ ಎಲ್ಸಿಕುಟ್ಟಿ ಆ ಮೆಟ್ಟಿಲು ಹತ್ತಿ ಏಳು ವಾರವಾಗಿತ್ತು. ಹತ್ತಿ ನೋಡಿದರೆ ಒಂದು ಡಿಸ್ಕಿನ ದೀಪ ಕೆಂಪಾಗಿದೆ, ಇನ್ನೊಂದು ಟಿಕ್ ಟಿಕ್ ಎನ್ನುತ್ತಿದೆ. ಪೆಟ್ಟಿಗೆ ಬದಲಾಯಿಸಲೇಬೇಕು. ಎಷ್ಟು ಜಾಗ ಬೇಕೆಂದು ತಿಳಿಯಲು ಅವರು ಫೋಲ್ಡರುಗಳನ್ನು ತೆರೆದರು.

'ಗೋಪಿ' ಎಂಬ ಫೋಲ್ಡರಿನಲ್ಲಿ, ಎಲ್ಸಿಕುಟ್ಟಿಯ ಲೆಕ್ಕದ ಪುಸ್ತಕದ ಪ್ರಕಾರ, ನಾಲ್ಕು ಸಾವಿರದ ನೂರ ಹದಿನೆಂಟು ಫೋಟೊಗಳಿರಬೇಕು. ಅಳತೆಗೆ ಹೋದಲ್ಲೆಲ್ಲ ಗೋಪಿ ತೆಗೆದ ಗಡಿಕಲ್ಲು, ಬದು, ಬೇಲಿಗಳವು. ಫೋನು ತೆಗೆದ ಚಿತ್ರ ತಾನಾಗಿ ಇಲ್ಲಿಗೆ ಬಂದು ಬೀಳುವಂತೆ ಮಾಡಿಕೊಟ್ಟವರು ಎಲ್ಸಿಕುಟ್ಟಿಯೇ. ಈಗ ಅಲ್ಲಿ ನಾಲ್ಕು ಸಾವಿರದ ನೂರ ಐವತ್ತೇಳು ಇದ್ದವು. ಮೂವತ್ತೊಂಬತ್ತು ಹೆಚ್ಚು.

ಕೊನೆಯದನ್ನು ತೆರೆದರು. ಕತ್ತಲು, ವಾಲಿದ ನೀರಿನ ಅಂಚು. ಅದರ ಹಿಂದಿನದು ಒದ್ದೆ ಮಣ್ಣು. ಅದಕ್ಕೂ ಹಿಂದಿನದರಲ್ಲಿ ಅರ್ಧ ತೆರೆದ ಬಾಗಿಲು, ಅದರಾಚೆ ಏನೂ ಇಲ್ಲ. ಎಲ್ಲವೂ ಬೆಳಗಿನ ಐದೂ ಇಪ್ಪತ್ತರ ಆಸುಪಾಸು, ದಿನಕ್ಕೊಂದು. ನೋಡುತ್ತಿರುವಾಗಲೇ ಪೆಟ್ಟಿಗೆ ಒಮ್ಮೆ ಗುರ್ರೆಂದಿತು. ಆದರೆ ಆ ಬೆಳಿಗ್ಗೆ ಹೊಸದೇನೂ ಬರಲಿಲ್ಲ.

"ಇವತ್ತು ತಡ," ಎಂದಿತು ಹಿಂದಿನಿಂದ ಒಂದು ಧ್ವನಿ. ಕತ್ತಲ ಮೂಲೆಯ ಕುರ್ಚಿಯಲ್ಲಿ ರಮಣಿ ಶಾಲು ಹೊದ್ದು ಕೂತಿದ್ದರು.

"ಅಯ್ಯೋ ಈಶೋಯೇ! ರಮಣೀ, ಜೀವ ಹೋಯ್ತು ನಂದು. ಯಾವಾಗಿಂದ ಕೂತಿದ್ದೀಯ?"

"ಮೂವತ್ತೆಂಟು ದಿನದಿಂದ, ಚೇಚಿ. ದಿನಾ ಐದಕ್ಕೆ ಮೇಲೆ ಬರ್ತೀನಿ. ಅವರು ದಿನಕ್ಕೊಂದು ಕಳಿಸ್ತಾರೆ."

ಕಳ್ಳನೋ, ಕಂಡವನೋ, ಯಾರದೋ ಕೈಯಲ್ಲಿ ಆ ಫೋನಿದೆ ಎಂದು ಎಲ್ಸಿಕುಟ್ಟಿಗೆ ಹೊಳೆದಿತ್ತು. ಆ ಕೈ ಮನಸ್ಸು ಮಾಡಿದರೆ ಈ ಪೆಟ್ಟಿಗೆಯಲ್ಲಿರುವ ಊರವರ ಜಮೀನು ಪತ್ರಗಳನ್ನೆಲ್ಲ ತೆರೆಯಬಹುದು. ಆ ದಾರಿ ಮುಚ್ಚಬೇಕು, ಪೆಟ್ಟಿಗೆಯನ್ನೂ ಬದಲಾಯಿಸಬೇಕು ಎಂದರು.

"ಮುಚ್ಚಬೇಡಿ ಚೇಚಿ, ನಿಮ್ಮ ಕಾಲು ಹಿಡಿದುಕೊಳ್ತೀನಿ. ಅವರಿಗೆ ಈ ಒಂದೇ ದಾರಿ ಗೊತ್ತಿರೋದು."

"ಈ ಡಿಸ್ಕ್ ಇನ್ನು ಎರಡು ದಿನ ಬದುಕಿದ್ರೆ ಹೆಚ್ಚು. ಹೊರಗೆ ಬೇರೆ ನಕಲು ಗೋಪಿ ಇಡಿಸಲೇ ಇಲ್ಲ, ದಾರಿ ಮುಚ್ಚದೆ ಇದನ್ನ ನಕಲು ಮಾಡೋಕೂ ಆಗಲ್ಲ. ಆಮೇಲೆ ಗೋಪಿ ತೆಗೆದ ನಾಲ್ಕು ಸಾವಿರವೂ ಹೋಗುತ್ತೆ. ಯಾವುದು ಬೇಕು ನಿನಗೆ?"

ರಮಣಿ ಎದ್ದು ಬಂದು ಪೆಟ್ಟಿಗೆಗೆ ಅಡ್ಡ ನಿಂತರು. ಬಲವಂತ ಮಾಡಲು ಎಲ್ಸಿಕುಟ್ಟಿಗೆ ಮನಸ್ಸಾಗಲಿಲ್ಲ. ಅವರು ಮತ್ತೆ ಚಿತ್ರಗಳ ಮುಂದೆ ಕೂತರು. ಒಂದರಲ್ಲಿ ನೀಲಿ ಬಾಗಿಲ ತುಂಡು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹದಿನಾಲ್ಕು ಎಂಬ ಅಂಕಿ. ಗೋಪಿಯ ಹಳೆಯ ಚಿತ್ರಗಳನ್ನು ಒಂದೊಂದಾಗಿ ತಿರುವುತ್ತ ಹೋದಾಗ, ಎರಡು ಗಂಟೆಯ ಮೇಲೆ ಅದೇ ಬಾಗಿಲು ಪೂರ್ತಿಯಾಗಿ ಸಿಕ್ಕಿತು. ಕುಮರಕದಾಚೆ, ಹಿನ್ನೀರಿನ ನಡುವಿನ ಕಾಯಲ್ ಗದ್ದೆಯ ಬದುವಿನ ಮೇಲಿರುವ ನೀರೆತ್ತುವ ಪಂಪಿನ ಮನೆ. ಗೋಪಿಯ ಕೊನೆಯ ಅಳತೆ ಅಲ್ಲೇ ನಡೆದಿತ್ತು.

ಮರುದಿನ ಇಬ್ಬರೂ ಹೋದರು. ದೋಣಿಕಟ್ಟೆಯಿಂದ ಬಾಡಿಗೆ ದೋಣಿ ಹಿಡಿದು ಮಂಜಿನಲ್ಲಿ ಗದ್ದೆಯ ಬದು ಮುಟ್ಟಿದಾಗ ಇನ್ನೂ ಕತ್ತಲು ಹರಿದಿರಲಿಲ್ಲ. ದೂರದಲ್ಲಿ ಒಂದು ಬೆಳಕು ನೆಲಕ್ಕೆ ಹತ್ತಿಕೊಂಡೇ ಬರುತ್ತಿತ್ತು. ಮನುಷ್ಯ ಕಾಣುತ್ತಿರಲಿಲ್ಲ. ರಮಣಿ ಎಲ್ಸಿಕುಟ್ಟಿಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹತ್ತಿರ ಬಂದಾಗ ಕಂಡದ್ದು, ಬಲೆ ಎತ್ತಲು ಹೊರಟ ಎಪ್ಪತ್ತು ದಾಟಿದ ದೋಣಿಗಾರ ವಾವಚ್ಚನ್. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನು, ಅದರ ಟಾರ್ಚು ಉರಿಯುತ್ತಿತ್ತು.

ರಮಣಿಯನ್ನು ಕಂಡದ್ದೇ ಮುದುಕ ತಲೆಯ ಟವೆಲು ಬಿಚ್ಚಿ ಬದುವಿನ ಮೇಲೆ ಕೂತ.

"ಗೋಪಿ ಸಾರ್ ಹೆಂಡತಿ ಅಲ್ವಾ? ಬರ್ತೀರಿ ಅಂತ ಗೊತ್ತಿತ್ತು."

ಮಳೆಗಾಲಕ್ಕೆ ಮುಂಚೆ ದಡಕ್ಕೆಳೆದು ಕವುಚಿಟ್ಟ ದೋಣಿಯನ್ನು ಡಿಸೆಂಬರಿನಲ್ಲಿ ರಿಪೇರಿ ಮಾಡುವಾಗ, ಕೂರುವ ಹಲಗೆಯ ಸಂದಿಯಲ್ಲಿ ಫೋನು ಸಿಕ್ಕಿತ್ತು. ನೀರಿಗೆ ಹೆದರಿ ಗೋಪಿ ಯಾವಾಗಲೂ ಅದನ್ನು ಚೀಲದಲ್ಲೇ ಇಡುತ್ತಿದ್ದರು. ಒದ್ದೆ ಕೈಗೆ ತೊಡಕೆಂದು ಬೀಗವನ್ನೂ ಹಾಕಿರಲಿಲ್ಲ. ದೋಣಿಕಟ್ಟೆಯ ರೀಚಾರ್ಜ್ ಅಂಗಡಿಯವನು ಬೇರೆ ಸಿಮ್ ಹಾಕಿಕೊಟ್ಟ. ಕಣ್ಣು ಮಂಜಾದ ವಾವಚ್ಚನ್ ಪ್ರತಿ ಬೆಳಿಗ್ಗೆ ಟಾರ್ಚಿಗೆಂದು ತಡಕುವಾಗ ಪಕ್ಕದ ಕ್ಯಾಮೆರಾ ಒತ್ತಿಹೋಗುತ್ತಿತ್ತು. ಹಿಂದಿನ ದಿನ ಜ್ವರವೆಂದು ಮನೆಯಲ್ಲೇ ಮಲಗಿದ್ದ.

"ಯಾರದ್ದು ಅಂತ ಗೊತ್ತಿದ್ದೂ ಯಾಕೆ ಕೊಡಲಿಲ್ಲ ಚೇಟ್ಟಾ?" ಎಲ್ಸಿಕುಟ್ಟಿ ತುಸು ಗಡುಸಾಗಿಯೇ ಕೇಳಿದರು.

"ಕೊಡೋಕೆ ಬಂದ್ರೆ ಆ ದಿನದ್ದು ಹೇಳಬೇಕಲ್ಲ ಮೋಳೇ." ಆತ ಟವೆಲಿನಿಂದ ಮುಖ ಒರೆಸಿಕೊಂಡ. "ಪಂಪ್ ಮನೆಯಲ್ಲಿ ಮಲಗಿದ್ದ ಸಾರ್ ಐದೂ ಮುಕ್ಕಾಲಿಗೆ ಬಂದು ದೋಣಿಯಲ್ಲಿ ಕೂತ್ರು. ಎದೆ ಹಿಡಿದುಕೊಂಡಿದೆ, ಆಚೆ ದಡಕ್ಕೆ ಬಿಡು ಅಂದ್ರು. ನನಗೆ ಬೆನ್ನು ಮಾಡಿ ಕೂತಿದ್ರು. ದಾರಿಯುದ್ದಕ್ಕೂ ಮಾತಾಡಿದ್ರು. ರಮಣಿ ಮಾಡೋ ಮರಗೆಣಸಿನ ಕಪ್ಪ ಬಿರಿಯಾಣಿ ತಿಂದು ತಿಂಗಳಾಯ್ತು ಅಂದ್ರು. ಸೂರ್ಯ ಬಂದ, ನೋಡು ವಾವಚ್ಚಾ, ಅಂದ್ರು. ದಡ ಮುಟ್ಟಿದಾಗ ಏಳು ಗಂಟೆ. ಎತ್ತಿದ್ರೆ ಮೈಯೆಲ್ಲ ತಣ್ಣಗೆ, ಮರದ ಹಾಗೆ. ಡಾಕ್ಟ್ರು ನೋಡಿ, ಐದಕ್ಕೆ ಮುಂಚೇನೇ ಹೋಗಿದ್ದಾರೆ ಅಂದ್ರು. ಹಾಗಾದ್ರೆ ನನ್ನ ಜೊತೆ ಮಾತಾಡಿದ್ದು ಯಾರು?"

ನೀರು ದೋಣಿಯ ಪಕ್ಕೆಗೆ ತಟ್ಟುತ್ತಿತ್ತು. ರಮಣಿ, "ಕಪ್ಪ ಬಿರಿಯಾಣಿ ಅಂದ್ರಾ?" ಎಂದು ಕೇಳಿದರು. ಆಮೇಲೆ ಅತ್ತರು, ಒಂದು ವರ್ಷದಲ್ಲಿ ಮೊದಲ ಸಲ. ಎದ್ದು ಹೊರಡುವಾಗ ಫೋನನ್ನು ಮುದುಕನ ಕೈಯಲ್ಲೇ ಇಟ್ಟರು. "ನಿಮ್ಮ ಕಣ್ಣಿಗೆ ಬೆಳಕು ಬೇಕು. ಇಟ್ಕೊಳ್ಳಿ." ಅದರೊಳಗೆ ಪೆಟ್ಟಿಗೆಗೆ ಹೋಗುವ ದಾರಿಯನ್ನು ಎಲ್ಸಿಕುಟ್ಟಿ ಅಲ್ಲೇ ನಿಂತು ಅಳಿಸಿದರು. ರಮಣಿ ತಡೆಯಲಿಲ್ಲ.

ರಮಣಿಯ ಮನೆಗೆ ಬಂದವರೇ ನಕಲು ಶುರು ಮಾಡಿದರು. ಸಾಯುತ್ತಿರುವ ಡಿಸ್ಕನ್ನು ಓದುವುದು ನಿಧಾನದ ಕೆಲಸ. ಮಧ್ಯಾಹ್ನ ಮೂರಕ್ಕೆ ಕೊನೆಯ ಫೋಟೊ ದಾಟಿತು, ನಾಲ್ಕೂವರೆಗೆ ಆ ಡಿಸ್ಕ್ ಪೂರ್ತಿ ಮೌನವಾಯಿತು. ಎಲ್ಸಿಕುಟ್ಟಿ ಅಭ್ಯಾಸದಂತೆ ಎಣಿಸಿದರು. ನಾಲ್ಕು ಸಾವಿರದ ನೂರ ಐವತ್ತೆಂಟು. ಬಂದ ಚಿತ್ರಗಳ ದಿನಾಂಕಗಳನ್ನು ರಮಣಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಆ ಬೆಳಗಿನ ಒಂದನ್ನೂ ಸೇರಿಸಿದರೆ ಮೂವತ್ತೊಂಬತ್ತು. ಹಳೆಯದು ನಾಲ್ಕು ಸಾವಿರದ ನೂರ ಹದಿನೆಂಟು. ಒಂದು ಚಿತ್ರ ಹೆಚ್ಚು.

ಅದು ಹೊಸವುಗಳ ಸಾಲಿನಲ್ಲಿರಲಿಲ್ಲ. ಕಳೆದ ಫೆಬ್ರವರಿಯ ತಾರೀಖಿನಡಿ, ಹಳೆಯವುಗಳ ಕೊನೆಯಲ್ಲಿ ಕೂತಿತ್ತು. ಆ ದಿನ ಸಿಗ್ನಲ್ ಸಿಗದೆ ಫೋನಿನೊಳಗೇ ಉಳಿದಿದ್ದು, ಡಿಸೆಂಬರಿನಲ್ಲಿ ಅದಕ್ಕೆ ಜೀವ ಬಂದ ದಿನ ಎಲ್ಲಕ್ಕಿಂತ ಮೊದಲು ಬಂದು ಸೇರಿದ ಚಿತ್ರ. ದೋಣಿಯ ಮೂತಿ, ಹೊಳೆಯುವ ನೀರು, ತೆಂಗಿನ ಸಾಲಿನ ಮೇಲೆ ಆಗತಾನೆ ಹುಟ್ಟಿದ ಸೂರ್ಯ. ವಾವಚ್ಚನ್ ಒತ್ತಿದ ಒಂದೊಂದು ಚಿತ್ರವೂ ವಾಲಿದೆ. ಇದರಲ್ಲಿ ನೀರಿನ ಗೆರೆ ನೂಲು ಹಿಡಿದ ಹಾಗೆ ನೇರ. ಗಡಿಕಲ್ಲುಗಳನ್ನು ತೆಗೆದ ಕೈಯೇ ತೆಗೆದದ್ದು. ತೀರಿಕೊಂಡ ದಿನ, ಬೆಳಿಗ್ಗೆ ಆರು ನಲವತ್ನಾಲ್ಕು.

"ಫೋನಿನ ಗಡಿಯಾರ ತಪ್ಪಿರಬಹುದು ಅಂತ ಹಿಂದಿನ ದಿನದ ಚಿತ್ರಗಳ ಜೊತೆ ಹೋಲಿಸಿದೆ. ಸರಿಯಾಗೇ ಇತ್ತು. ಸೂರ್ಯ ಹುಟ್ಟೋದೂ ಆ ಹೊತ್ತಿಗೇ," ಎನ್ನುತ್ತಾರೆ ಎಲ್ಸಿಕುಟ್ಟಿ. "ಡಾಕ್ಟ್ರು ತಪ್ಪಿರಬಹುದು. ಆತ ದೊಡ್ಡ ಡಾಕ್ಟ್ರು, ನಾನು ಕೇಳೋಕೆ ಹೋಗಲಿಲ್ಲ." ಚಿತ್ರವನ್ನು ರಮಣಿಗೆ ತೋರಿಸಿದರು. ರಮಣಿ ಪರದೆಯ ಮೇಲೆ ನೀರಿನ ಗೆರೆಯುದ್ದಕ್ಕೂ ಬೆರಳಾಡಿಸಿ, "ನೇರ ಇದೆ," ಎಂದರಂತೆ. ಅಷ್ಟೇ. ಈಗ ಅವರು ಬೆಳಿಗ್ಗೆ ಐದಕ್ಕೆ ಮೇಲೆ ಬಂದು ಕೂರುವುದಿಲ್ಲ.

ಹೊಸ ಪೆಟ್ಟಿಗೆಯನ್ನು ರಮಣಿಯೇ ಆರಿಸಿದರು. ಎರಡು ಡಿಸ್ಕಿನದು, ಸದ್ದು ಕಡಿಮೆ. ಹಗಲಿರುಳು ತಿರುಗಲೆಂದೇ ಮಾಡಿದ ಡಿಸ್ಕುಗಳು. ಎರಡೂ ಒಂದೇ ಸಲ ಕೆಡದಿರಲೆಂದು ಎಲ್ಸಿಕುಟ್ಟಿ ಅವನ್ನು ಬೇರೆ ಬೇರೆ ಅಂಗಡಿಯಿಂದ ತಂದರು. ಇನ್ನೊಂದು ನಕಲು ಪಾಲಾ ಪಟ್ಟಣದಲ್ಲಿ ರಮಣಿಯ ತಂಗಿಯ ಮನೆಯಲ್ಲಿದೆ, ಗುಡ್ಡದ ಮೇಲೆ.

ಕಿಟಕಿಯಾಚೆ ಬೆಳಕಾಗುತ್ತಿದೆ. ದಸ್ತಾವೇಜು ಕಚೇರಿಯ ಬೀಗ ಹಾಕಿ ಎಲ್ಸಿಕುಟ್ಟಿ ಮಂಡಿಯನ್ನು ಒತ್ತಿಕೊಳ್ಳುತ್ತಾರೆ. ಇನ್ನೂ ನಾಲ್ಕು ಕಡೆ ಮೆಟ್ಟಿಲು ಹತ್ತಬೇಕು. ಏನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ, ಆಮೇಲೆ ನಗು ನಿಲ್ಲಿಸಿ ಹೇಳುತ್ತಾರೆ.

"ಡಿಸ್ಕಿಗೆ ಐದು ವರ್ಷ ಆಯಸ್ಸು. ಅಲ್ಲೀವರೆಗೆ ಈ ಮಂಡಿ ಬಂದ್ರೆ ಸಾಕು. ರಮಣಿ ಮನೆ ಪೆಟ್ಟಿಗೇನ ಮುಂದಿನ ಸಲವೂ ನಾನೇ ಬದಲಾಯಿಸಬೇಕು. ಬೇರೆ ಯಾರಾದ್ರೂ ಬಂದ್ರೆ ಲೆಕ್ಕ ಸರಿ ಇಲ್ಲ ಅಂತ ಆ ಒಂದನ್ನ ಅಳಿಸಿಬಿಡ್ತಾರೆ."