ಅಪ್ಪ ಹಾಕಿಕೊಂಡ ಎಲೆ-ಅಡಿಕೆ

ಪಂಚಾಯಿತಿ ಚುನಾವಣೆಗೆ ಪಕ್ಷವಿಲ್ಲ. ಪಾಮನಕಲ್ಲೂರಿನಿಂದ ಸ್ವಲ್ಪ ದೂರದ ನಮ್ಮೂರಿನಲ್ಲಿ ಬಹಳ ಸಲ ಚುನಾವಣೆಯೇ ಇರುವುದಿಲ್ಲ. ಹನುಮಪ್ಪನ ಗುಡಿಕಟ್ಟೆಯಲ್ಲಿ ಹಿರಿಯರು ಕೂತು ಓಣಿಗೆ ಒಬ್ಬರನ್ನು ಆರಿಸುತ್ತಾರೆ, ಉಳಿದವರು ನಾಮಪತ್ರ ವಾಪಸು ತೆಗೆದುಕೊಳ್ಳುತ್ತಾರೆ. ಜಗಳವಿಲ್ಲದ ಊರು ಎಂದು ಮಸ್ಕಿಯವರೆಗೂ ನಮಗೆ ಹೆಸರಿದೆ. ನಾನು ವಿಧಾನಸಭೆಗೆ ಮತ ಹಾಕಿದ್ದೇನೆ, ಲೋಕಸಭೆಗೂ ಹಾಕಿದ್ದೇನೆ. ನಮ್ಮ ಓಣಿಯ ನಳದಲ್ಲಿ ನೀರು ಬರದಿದ್ದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಮಾತ್ರ ಒಮ್ಮೆಯೂ ಹಾಕಿರಲಿಲ್ಲ.

ಈ ಸಲ ನಮ್ಮ ಓಣಿಯ ಸ್ಥಾನ ಮಹಿಳೆಗೆ ಮೀಸಲಾಯಿತು. ಕಟ್ಟೆಯವರು ಹಿಂದಿನ ಸದಸ್ಯನ ಹೆಂಡತಿಯನ್ನು ಆರಿಸಿದರು. ಎಂ.ಎ. ಮುಗಿಸಿ ಮನೆಯಲ್ಲಿದ್ದ ನಾನು ಯಾರಿಗೂ ಹೆಚ್ಚು ಹೇಳದೆ ನಾಮಪತ್ರ ಸಲ್ಲಿಸಿದೆ. ಸೂಚಕನಾಗಿ ಅಪ್ಪ ಸಹಿ ಹಾಕಿದ್ದ.

ವಾಪಸು ಪಡೆಯುವ ಕೊನೆಯ ದಿನ ಬೆಳಿಗ್ಗೆ ಅಪ್ಪನಿಗೆ ಕಟ್ಟೆಯಿಂದ ಕರೆ ಬಂತು. ಹೋಗಿ ಬಂದವನ ಬಾಯಿ ಕೆಂಪಗಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಕಟ್ಟಿ ಮ್ಯಾಲ ಎಲಿ ಹಾಕ್ಕೊಂಡ್ರೇನು?"

ಅಪ್ಪನಿಗೆ ಆಗ ಹೊಳೆಯಿತು. ಕಟ್ಟೆಯಲ್ಲಿ ಮಾತು ಮುಗಿದ ಮೇಲೆ ಎಲೆ-ಅಡಿಕೆಯ ತಟ್ಟೆ ತಿರುಗುತ್ತದೆ. ತೆಗೆದುಕೊಂಡವನು ಒಪ್ಪಿದಂತೆ. ಒಪ್ಪದವನು ತಟ್ಟೆಯನ್ನು ಹಾಗೆಯೇ ಪಕ್ಕದವನಿಗೆ ದಾಟಿಸುತ್ತಾನೆ. ಅಪ್ಪ ದಿನವಿಡೀ ಎಲೆ ಮೆಲ್ಲುವವನು. ತೊಗರಿ ಬೆಲೆಯ ಮಾತಾಡುತ್ತ ಸುಣ್ಣ ಹಚ್ಚಿ, ಮಡಚಿ, ಬಾಯಿಗಿಟ್ಟುಕೊಂಡಿದ್ದ.

"ಮಗಳ ಸೀಟು ಅಗದು ನುಂಗಿ ಬಂದ್ರಿ" ಎಂದಳು ಅವ್ವ.

"ನಾ ಹೂಂ ಅಂದಿಲ್ಲಲೇ."

"ಹೂಂ ಅನ್ನಾಕ ಬಾಯಿ ಎಲ್ಲಿ ಖಾಲಿ ಇತ್ತು?"

ನನಗೆ ನಗು ಬರಲಿಲ್ಲ. ಅಪ್ಪನದು ಕಿರಾಣಿ ಅಂಗಡಿ. ಕಟ್ಟೆಯ ಮೇಲೆ ಕೂತವರೇ ಸಂಜೆ ಅಂಗಡಿಗೆ ಬರುವವರು. ಮಾತಿಗೆ ತಪ್ಪಿದವನು ಎಂದು ಅವನನ್ನು ಯಾರೂ ಇದುವರೆಗೆ ಅಂದಿರಲಿಲ್ಲ. ಮಧ್ಯಾಹ್ನ ಮೂರರೊಳಗೆ ನಾನು ವಾಪಸಾತಿಗೆ ಸಹಿ ಮಾಡಿದರೆ ಮುಂದೆಯೂ ಅನ್ನುವುದಿಲ್ಲ. ಮಾಡದಿದ್ದರೆ ಓಣಿಗೆ ಚುನಾವಣೆ ಬರುತ್ತದೆ, ಅಪ್ಪನಿಗೆ ಆ ಹೆಸರು ಬರುತ್ತದೆ.

ಊಟಕ್ಕೆ ಮೊದಲೇ ಕಟ್ಟೆಯ ಹಿರಿಯರೊಬ್ಬರು ಬಂದರು. ಅಪ್ಪನ ಜೊತೆ ಸಾಲೆ ಕಲಿತವರು, ನಾನು ಕಾಕಾ ಎಂದೇ ಕರೆಯುವವರು. ವಾಪಸಾತಿಯ ಅರ್ಜಿಯನ್ನು ಬರೆಸಿಕೊಂಡೇ ತಂದಿದ್ದರು.

"ತಂಗೀ, ನೀ ಓದಿದಾಕಿ. ನಿಮ್ಮಪ್ಪ ಎಲಿ ತಗೊಂಡಾನ. ಒಂದು ಸಹಿ ಮಾಡಿಬಿಡು, ಊರು ಒಂದಾಗಿರಲಿ."

"ಎಲ್ಲಾರೂ ಒಪ್ಪಬೇಕಂದ್ರ ನನ್ನೂ ಕೇಳಬೇಕಿತ್ತಲ್ರೀ ಕಾಕಾ."

"ನಿಮ್ಮಪ್ಪನ್ನ ಕೇಳೀವಲ್ಲವಾ."

ನಾನು ಅಪ್ಪನ ಕಡೆ ನೋಡಿದೆ. ಸಹಿ ಮಾಡು ಎಂದು ಅವನು ಒಂದು ಮಾತು ಹೇಳಿದರೆ ಮಾಡಿಬಿಡುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು. ಅವನು ಬಾಯಿ ತೆರೆದಾನೆಂದು ಹೆದರುತ್ತ ಕೂತೆ. ಅವನು ಎದ್ದು ಬಚ್ಚಲಿಗೆ ಹೋದ. ಬಾಯಿ ಮುಕ್ಕಳಿಸುವ ಸದ್ದು ಬಹಳ ಹೊತ್ತು ಕೇಳಿತು. ಮುಖ ಒರೆಸಿಕೊಳ್ಳುತ್ತ ಬಂದ.

"ತಪ್ಪು ನಂದು. ಕಟ್ಟಿಗೆ ಬಂದು ಎಲ್ಲಾರ ಮುಂದ ತಪ್ಪಾತು ಅಂತೀನಿ. ಆದ್ರ ಆಕಿ ಸಹಿ ನಾ ಕೊಡಾಕ ಬರಂಗಿಲ್ಲ."

"ಬಾಯಾಗ ಹಾಕ್ಕೊಂಡ ಮ್ಯಾಲ ಈ ಮಾತೇನೋ?" ಎಂದರು ಕಾಕಾ. ಅವ್ವ ತಂದಿಟ್ಟ ಚಹಾ ಮುಟ್ಟದೆ ಎದ್ದರು. ಅರ್ಜಿ ಅಲ್ಲೇ ಅವರು ಕೂತಿದ್ದ ಹೊರಸಿನ ಮೇಲೆ ಉಳಿಯಿತು.

ಮೂರು ಹೊಡೆಯುವವರೆಗೆ ನಾನು ಅದನ್ನು ಮುಟ್ಟಲಿಲ್ಲ. ಆಮೇಲೆ ಪಂಚಾಯಿತಿ ಕಚೇರಿಗೆ ಹೋದೆವು. ಚುನಾವಣಾಧಿಕಾರಿ ನನಗೆ ಹೊಲಿಗೆ ಯಂತ್ರದ ಚಿಹ್ನೆ ಕೊಟ್ಟರು. ಎದುರಾಳಿಯ ಗಂಡ ಗೋಡೆ ನೋಡುತ್ತ ನಿಂತಿದ್ದ. ಅವನ ಹೆಂಡತಿ ಬಂದಿರಲಿಲ್ಲ.

ಹೊರಗೆ ಅಪ್ಪ ಗಾಡಿಯ ಮೇಲೆ ಕೂತು ಕಾಯುತ್ತಿದ್ದ.

"ಇನ್ನ ಮನಿ ಮನಿ ತಿರುಗಬೇಕು" ಎಂದ. "ಅಂಗಡಿಗೆ ಬಂದೋರ ಜೋಡಿನೂ ನೀ ಮಾತಾಡಾಕಿ ಅಲ್ಲ. ಹೆಂಗ ಕೇಳ್ತೀ?"

ಗೊತ್ತಿಲ್ಲ ಎಂದೆ. ಓಣಿಯ ಮೊದಲ ಮನೆಯ ಮುಂದೆ ಅವನು ಗಾಡಿ ನಿಲ್ಲಿಸಿದ. ಬಾಗಿಲು ತೆರೆದಿತ್ತು. ನಮ್ಮನ್ನು ಕಂಡು ಒಳಗಿನವರು ಮಾತು ನಿಲ್ಲಿಸಿದರು. ಅಪ್ಪ ಇಳಿಯಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.