ಬೀಗತಿ ವಿಮಾನ ಏರಿದ ದಿನ

ನನ್ನ ಮೊಮ್ಮಗಳು ವಿಮಾನ ರಿಪೇರಿ ಮಾಡುತ್ತಾಳೆ. ಈ ಮಾತನ್ನು ರಾಯಚೂರಿನ ನಮ್ಮ ಓಣಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಕಾಯಿಪಲ್ಲೆ ಮಾರುವವಳು ಈಗ ನಮ್ಮ ಬಾಗಿಲಿಗೆ ಬಂದು "ವಿಮಾನದಮ್ಮಾ, ಪುಂಡಿಪಲ್ಲೆ ಬೇಕೇನ್ರೀ?" ಎಂದು ಕೂಗುತ್ತಾಳೆ. ಕೂಗಲಿ. ಇನ್ನೂ ಜೋರಾಗಿ ಕೂಗಲಿ.

ನಾನು ಓದಿದ್ದು ದೇವದುರ್ಗದಲ್ಲಿ ಮೂರನೇ ಕ್ಲಾಸಿನವರೆಗೆ. ನಮ್ಮ ಮನೆತನದಲ್ಲಿ ಯಂತ್ರ ಬಿಚ್ಚಿ ನೋಡಿದವರೆಂದರೆ ನನ್ನ ಗಂಡ ಒಬ್ಬರೇ. ಹೊಲದ ಪಂಪ್‌ಸೆಟ್ ಬಿಚ್ಚಿದ್ದರು, ಮತ್ತೆ ಜೋಡಿಸಲು ಬರಲಿಲ್ಲ. ಅಂಥ ಮನೆಯ ಹುಡುಗಿ ಹೈದರಾಬಾದಿನಲ್ಲಿ ವಿಮಾನದ ರೆಕ್ಕೆಯ ಕೆಳಗೆ ನಿಂತು ಪಾನಾ ಹಿಡಿದು ನಟ್ಟು ತಿರುಗಿಸುತ್ತಾಳೆ! ದೇಶದಲ್ಲಿ ವಿಮಾನಗಳು ಬಹಳ ಹೆಚ್ಚಿವೆಯಂತೆ. ಮೊದಲು ದೊಡ್ಡ ರಿಪೇರಿ ಬಂದರೆ ಹೊರದೇಶಕ್ಕೆ ಕಳಿಸುತ್ತಿದ್ದರಂತೆ. ಈಗ ಹೊರಗಿನವರೇ ಇಲ್ಲಿಗೆ ಬಂದು ಬಂಡವಾಳ ಹಾಕಿ, ನಮ್ಮ ಗಂಜ್ ಮಾರುಕಟ್ಟೆಯಷ್ಟು ದೊಡ್ಡ ಶೆಡ್ಡು ಕಟ್ಟಿಸಿ, ಕಲಿತ ಮಕ್ಕಳನ್ನು ಹುಡುಕಿ ಕೆಲಸ ಕೊಡುತ್ತಿದ್ದಾರೆ. ನಮ್ಮೂರ ಹೊರಗೂ ವಿಮಾನ ನಿಲ್ದಾಣದ ಕೆಲಸ ನಡೆದಿದೆ. ಅದು ಶುರುವಾದಾಗಿನಿಂದ ಚಂದ್ರಬಂಡದಲ್ಲಿರುವ ನನ್ನ ತಮ್ಮ ಹತ್ತಿಯ ರೇಟು ಬಿಟ್ಟು ಜಾಗದ ರೇಟು ಮಾತಾಡುತ್ತಾನೆ.

ಇಷ್ಟೆಲ್ಲ ಸಂತೋಷದ ನಡುವೆ ನನ್ನ ಹೊಟ್ಟೆಯಲ್ಲಿ ಒಂದೇ ಒಂದು ಉರಿ: ಮಾನ್ವಿಯ ಬೀಗತಿ, ನನ್ನ ಸೊಸೆಯ ತಾಯಿ. ಅಕ್ಕಿ ಗಿರಣಿಯವರು. ಮೊಮ್ಮಗಳು ರಜೆಯಲ್ಲಿ ಅವರ ಗಿರಣಿಗೆ ಹೋಗಿ ಮೋಟರು ಬಿಚ್ಚುವುದನ್ನು ನೋಡುತ್ತಿದ್ದಳು. ಅಷ್ಟಕ್ಕೇ ಅವಳನ್ನು ತಾನೇ ತಯಾರು ಮಾಡಿದೆನೆಂಬ ಬಿಂಕ ಆಕೆಗೆ.

"ನಮ್ಮ ಗಿರಣ್ಯಾಗ ಬೆಲ್ಟ್ ಹಾಕೂದು ಕಲತಾಕಿ ಇವತ್ತು ವಿಮಾನ ಮುಟ್ಟಾಕತ್ತಾಳ ನೋಡ್ರಿ ಬೀಗ್ತೇರ. ರಾಯಚೂರಿಗೆ ವಿಮಾನ ಬರ್ಲಿ, ನಮ್ಮ ಯಜಮಾನ್ರು ಮಾನ್ವಿ ಅಕ್ಕಿ ದುಬೈಗೆ ಕಳಸವ್ರೇ ಅದಾರ."

"ಅಕ್ಕಿ ಹಾರ್ತದೋ ಇಲ್ಲೋ, ನೀವಂತೂ ಈಗ ಹಾರಾಕತ್ತೀರಿ. ಚಹಾ ಕುಡೀರಿ, ಆರ್ತದ" ಎನ್ನುತ್ತೇನೆ ನಾನು.

ಹೀಗಿರುವಾಗ ಮೊಮ್ಮಗಳ ಕಂಪನಿಯವರು ಮನೆಯ ಹಿರಿಯರೊಬ್ಬರನ್ನು ಬೆಂಗಳೂರಿನ ತನಕ ವಿಮಾನದಲ್ಲಿ ಕರೆದೊಯ್ದು ತರಲು ಅವಳಿಗೆ ಟಿಕೆಟು ಕೊಟ್ಟರು. ನಾನಲ್ಲದೆ ಇನ್ನಾರು? ಇಳಕಲ್ ಸೀರೆಯನ್ನು ತೆಗೆದು ಗಾಳಿಗೆ ಹಾಕಿಬಿಟ್ಟೆ. ಫೋನು ಬಂತು.

"ಅಜ್ಜಿ, ಈ ಸಲ ಮಾನ್ವಿ ಅಜ್ಜಿನ್ನ ಕರಕೊಂಡು ಹೋಗ್ತೀನಿ. ಆಕಿ ಮಂಡಿ ದಿನಾ ದಿನಾ ಬಿಗ್ಯಾಕತ್ತಾವು, ಮುಂದ ಮೆಟ್ಲ ಏರಾಕ ಆಗಂಗಿಲ್ಲ. ನಿನ್ನ ರಾಯಚೂರಿಂದನ ಏರಸ್ತೀನಿ, ನಮ್ಮೂರ ನಿಲ್ದಾಣ ಮುಗೀಲಿ."

"ಅದು ಮುಗಿಯೋತನ ನಾ ಇರಬೇಕಲ್ಲ ಬೇ?"

"ನೀ ಎಲ್ಲಿ ಹೋಗ್ತಿ? ನಿನ್ನ ಕರೀಲಿಕ್ಕೆ ಯಮನಿಗೂ ಧೈರ್ಯ ಸಾಲಂಗಿಲ್ಲ."

ನಕ್ಕೆ. ಫೋನಿಟ್ಟ ಮೇಲೆ ಆ ನಗು ಎಲ್ಲಿ ಹೋಯಿತೋ. ಮಗನನ್ನು ಕಾಡಿ ಸ್ಕೂಟರಿನ ಹಿಂದೆ ಕುಳಿತು ನಿಲ್ದಾಣದ ಜಾಗ ನೋಡಿ ಬಂದೆ. ಮೊರಮಿನ ಗುಡ್ಡೆಗಳು, ನಡುವೆ ಒಂದು ರೋಲರು. ಅದನ್ನು ನಡೆಸುವವನಿಗೆ "ಯಪ್ಪಾ, ಸ್ವಲ್ಪ ಜಲ್ದಿ ಜಲ್ದಿ ಓಡಸು" ಎಂದು ಕೂಗಿದೆ. ಅವನು ಕೈಯೆತ್ತಿ ನಮಸ್ಕಾರ ಮಾಡಿ, ಮೊದಲಿನ ಹಾಗೆಯೇ ನಿಧಾನ ಹೋದ.

ಬೀಗತಿ ಹೈದರಾಬಾದಿಗೆ ಹೋಗುವ ಮುಂಚೆ ನಮ್ಮ ಮನೆಯಲ್ಲೇ ತಂಗಿದಳು. ಬೀಗತಿಯನ್ನು ಬರಿ ಉಡಿಯಲ್ಲಿ ಕಳಿಸಲು ಬರುವುದಿಲ್ಲ. ಸೆರಗು ಒಡ್ಡಿಸಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲ ಹಾಕಬೇಕು. ಆಕೆ ಆ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತನ್ನ ಮನೆಯ ದೇವರ ಮುಂದೆಯೇ ಬಿಚ್ಚಬೇಕು. ನಡುವೆ ನೆಲಕ್ಕಿಟ್ಟರೆ ಕೊಟ್ಟ ಮನೆಗೆ ಅವಮಾನ. ನಾನು ಗಂಜಿಗೆ ಹೋಗಿ ಆರಿಸಿ ಆರಿಸಿ ಅಂಗೈಯಗಲದ ಕೊಬ್ಬರಿ ತಂದೆ. ನಾನಿಲ್ಲದಿದ್ದರೆ ನನ್ನ ಉಡಿಯಾದರೂ ವಿಮಾನ ಏರಲಿ, ಆಕೆಯ ಸೊಂಟಕ್ಕೆ ಭಾರ ಹತ್ತಿ ದಾರಿಯುದ್ದಕ್ಕೂ ನನ್ನ ನೆನಪಾಗಲಿ ಎಂದು!

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಮೊಮ್ಮಗಳ ಫೋನು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ಬೀಗತಿಯ ಸೊಂಟದ ಗಂಟಿನ ಮೇಲೆ ಕೈಯಿಟ್ಟು ಬಿಚ್ಚಿಸಿದ್ದಾಳೆ. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿಯ ಭಯ, ವಿಮಾನದೊಳಗೆ ಬಿಡುವುದಿಲ್ಲ ಎಂದಿದ್ದಾಳೆ. ಅಲ್ಲೊಂದು ಡಬ್ಬಿ ಇದೆ, ಅದರಲ್ಲಿ ಹಾಕಬೇಕು. ಬೀಗತಿ ಹಾಕಲೊಲ್ಲಳು.

"ವಿಮಾನ ಹೋದ್ರ ಹೋಗ್ಲಿ" ಎಂದು ಆಕೆ ಹಿಂದಿನಿಂದ ಹೇಳುವುದು ನನಗೇ ಕೇಳಿಸಿತು. "ಬೀಗರ ಮನಿ ಉಡಿ ಕಸದ ಡಬ್ಬ್ಯಾಗ ಹಾಕಾಕಿ ನಾ ಅಲ್ಲ. ಕೊಟ್ಟಾಕಿನ್ನ ಕೇಳು. ಆಕಿ ಬ್ಯಾಡಂದ್ರ ನಾ ಹಿಂದಕ ಬರ್ತೀನಿ."

ಬೇಡ ಎಂದರೆ ಸಾಕು, ಆಕೆ ತಿರುಗಿ ಮಾನ್ವಿಯ ಬಸ್ಸು ಹತ್ತುತ್ತಾಳೆ. ಮೊದಲು ವಿಮಾನ ಏರುವವಳು ನಾನೇ. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು.

"ಅಜ್ಜಿ, ಜಲ್ದಿ ಹೇಳು, ಗೇಟ್ ಹಾಕ್ತಾರ" ಎಂದಳು ಮೊಮ್ಮಗಳು. ನಮ್ಮ ಕೂಸು ತನ್ನ ಕೆಲಸದ ಜಾಗದಲ್ಲಿ, ಜನರೆಲ್ಲ ನೋಡುತ್ತಿರುವಾಗ, ಅಳುವ ಹಾಗಾಗಿದ್ದಳು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ಡಬ್ಬ್ಯಾಗ ಬ್ಯಾಡ. ಉಡಿಯಿಂದ ಉಡಿಗೆ ಹಾಕಿದ್ರ ತಪ್ಪಿಲ್ಲ. ಅಲ್ಲಿ ಯಾರರೆ ಸೀರಿ ಉಟ್ಟಾಕಿ ಅದಾಳೇನು ನೋಡ್ರಿ!"

ನೆಲ ಒರೆಸುವ ಒಬ್ಬ ತೆಲುಗು ಹೆಣ್ಣುಮಗಳು ಇದ್ದಳಂತೆ. ಕೇಳುವುದೇ ತಡ, "ಒಡಿಬಿಯ್ಯಮಾ ಅಮ್ಮಾ!" ಎಂದು ಆಕೆ ಹಿಗ್ಗಿದ್ದು ಫೋನಿನಲ್ಲಿ ಕೇಳಿತು. ಅವರಲ್ಲೂ ಉಡಿ ತುಂಬುವ ಇದೇ ಪದ್ಧತಿ. ಕಸಬರಿಗೆ ಗೋಡೆಗೆ ಆನಿಸಿ ಸೆರಗೊಡ್ಡಿದಳಂತೆ. ಬೀಗತಿ ಎಲ್ಲವನ್ನೂ ಅವಳ ಉಡಿಗೆ ಸುರಿದು, ಕುಂಕುಮವಿಲ್ಲದ್ದಕ್ಕೆ ತನ್ನ ಹಣೆಯದನ್ನೇ ಬೆರಳಿಗೆ ಹತ್ತಿಸಿ ಅವಳಿಗೆ ಹಚ್ಚಿ ಓಡಿದಳು. ಬಿಗಿದ ಮಂಡಿ ಎಲ್ಲಿ ಹೋಗಿತ್ತೋ!

ಬೆಂಗಳೂರಿನಲ್ಲಿ ಇಳಿದ ಕೂಡಲೇ ಬೀಗತಿಯೇ ಫೋನು ಮಾಡಿದಳು.

"ಬೀಗ್ತೇರ, ಕಿಟಕಿ ಕಡಿ ಕುಂದ್ರಿಸಿದ್ಲು ನೋಡ್ರಿ ನಿಮ್ಮ ಮೊಮ್ಮಗಳು."

"ಮ್ಯಾಲಿಂದ ಏನೇನ ಕಂಡ್ತು?"

"ಯಾಂವ ನೋಡ್ಯಾನ? ಏರಿದಾಗಿಂದ ಇಳಿಯೋತನ ಕಣ್ಣು ಗಟ್ಟಿ ಮುಚ್ಚಿದ್ದೆ."

ಎಷ್ಟು ನಕ್ಕೆನೆಂದರೆ ಸೊಸೆ ಓಡಿ ಬಂದಳು. ಆಕಾಶವೆಲ್ಲ ಹಾಗೇ ಉಳಿದಿದೆ, ನೋಡುವವಳು ನಾನೇ ಮೊದಲು! ಬೀಗತಿ ಮಾತ್ರ ತನ್ನ ಸಡಗರದಲ್ಲೇ ಇದ್ದಳು.

"ಕೂಸಿನ ಕೈ ಬಿಡ್ಲಿಲ್ಲ ನೋಡ್ರಿ. ಪಾನಾ ಹಿಡಿದು ಹಿಡಿದು ಎಷ್ಟು ಗಟ್ಟಿ ಆಗ್ಯಾವ ಕೈ! ಅದನ್ನ ಹಿಡಕೊಂಡ್ರ ನನಗ ಹೆದರಿಕಿನ ಆಗ್ಲಿಲ್ಲ."

ನನ್ನ ನಗು ನಿಂತಿತು. ಆ ಕೈಯನ್ನು ನಾನು ಹಿಡಿದು ಎಷ್ಟು ತಿಂಗಳಾಯಿತು?

"ಈಗ ಎಲ್ಲಿ ಅದಾಳ?" ಎಂದೆ.

"ಇಲ್ಲೇ, ನನ್ನ ಬಾಜೂಕ. ಕೈ ಹಿಡಕೊಂಡೇ ಅದೀನಿ."

"ಇಳದದ್ದಾತಲ್ರೀ," ಎಂದು ಕೂಗಿದೆ ನಾನು, "ಬಿಡ್ರಿ ಇನ್ನ ಆ ಕೈ!"