ಗಾಳಿ ಹಾಕು ತಂಗಿ

ಎಡಗೈಯನ್ನು ಬಲಗೈಯಿಂದ ಎತ್ತಿ, ತೊಡೆಯ ಮೇಲೆ ಅಂಗಾತ ಮಲಗಿಸಿ, ಅದರ ಮೇಲೊಂದು ಕರವಸ್ತ್ರ ಹೊದಿಸಿದ ಮೇಲೆಯೇ ಮಾಸ್ತರರ ಕೆಲಸ ಸುರುವಾಗುತ್ತಿತ್ತು. ಲಕ್ವಾ ಹೊಡೆದು ಸತ್ವ ಕಳೆದುಕೊಂಡಿದ್ದ ಕೈ ಅದು. ಬಲಗೈ ಮಾತ್ರ ಪೂರಾ ಪೈಲವಾನ. ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣು ಮೀರಿ ಚಾಚುತ್ತಿದ್ದ ಆ ಕೈ ನಮ್ಮ ಕಂಪ್ಯೂಟರಿನ ಕೀಬೋರ್ಡಿನ ಮೇಲೆ ಬಿದ್ದರೆ ಮೇಜೇ ಅಲುಗುತ್ತಿತ್ತು. ಸ್ಪೇಸ್ ಪಟ್ಟಿ ಒಂದು ಕಡೆ ಕುಸಿದದ್ದು ಅವರಿಂದಲೇ. ಅಕ್ಷರಗಳ ಸಂದಿಯಲ್ಲಿ ಚುರುಮುರಿ ಸಿಕ್ಕಿಕೊಂಡದ್ದೂ ಅವರದೇ ಕೃಪೆ.

ಶಾಲೆಯಲ್ಲಿ ನಮಗೆಲ್ಲ ಪೇಟಿ ಬಾರಿಸುತ್ತ ಹಾಡು ಕಲಿಸಿದವರು ಅವರು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತೇವೆ. ತೊಂಬತ್ತರ ದಶಕದ ಕೊನೆಗೆ ನಮ್ಮಣ್ಣ ಬನಹಟ್ಟಿಯಲ್ಲಿ ತನ್ನ ಕ್ಯಾಸೆಟ್ ಅಂಗಡಿಯ ಹಿಂದೆಯೇ ಒಂದು ರೆಕಾರ್ಡಿಂಗ್ ಕೋಣೆ ಮಾಡಿದ. ಜಮಖಂಡಿಗೆ ಓಡಾಡಿ ಕಂಪ್ಯೂಟರ್ ಕಲಿತಿದ್ದ ನನ್ನನ್ನು ಅದರೊಳಗೆ ಕೂಡಿಸಿದ. ಮುಧೋಳದ ಸೀರೆ ಅಂಗಡಿಗಳ ಜಾಹೀರಾತು, ಚುನಾವಣೆ ಬಂದಾಗ ಜೀಪಿಗೆ ಕಟ್ಟುವ ಪ್ರಚಾರ, ಇಷ್ಟೇ ನಮ್ಮ ಸಂಗೀತ. ಹೀಗಿರುವಾಗ ಮಾಸ್ತರರು ಒಂದು ಮುಂಜಾನೆ ಕಾಲೆಳೆಯುತ್ತ ಬಂದರು. ವಚನಗಳಿಗೆ ತಾವೇ ಹಾಕಿದ ಧಾಟಿಗಳು ಯಾವ ಕಾಗದದ ಮೇಲೂ ಇಲ್ಲ, ಬಾರಿಸಿ ತೋರಿಸೋಣವೆಂದರೆ ಪೇಟಿಗೆ ಗಾಳಿ ಹಾಕುವ ಕೈಯೇ ಹೋಗಿದೆ, ಸಾಯುವುದರೊಳಗೆ ಒಂದು ಕ್ಯಾಸೆಟ್ ಆಗಬೇಕು ಎಂದರು. ಮನೆಯಲ್ಲಿ ಹೆಂಡತಿ ಸ್ವಲ್ಪ ದಿನ ಪಕ್ಕಕ್ಕೆ ಕೂತು ಗಾಳಿ ಹಾಕಿಕೊಟ್ಟರಂತೆ. ಆಮೇಲೆ ಇವರ ಬೈಗುಳ ತಾಳದೆ ಪೇಟಿಯನ್ನೇ ಅಟ್ಟಕ್ಕೇರಿಸಿದರಂತೆ. ಆ ತಾಯಿಯ ಸಂಕಟ ನನಗೆ ಎರಡೇ ವಾರದಲ್ಲಿ ಅರ್ಥವಾಯಿತು.

ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದು ನಿಲ್ಲುವುದು ಅಮಾವಾಸ್ಯೆಗೆ ಮಾತ್ರ. ಹಾಗಾಗಿ ಮೈಕ್ ಮುಂದೆ ಹಾಡಿಸುವುದು ಅವತ್ತೇ. ಚಿಮ್ಮಡಕ್ಕೆ ಕೊಟ್ಟಿದ್ದ ಮಾಸ್ತರರ ಹಳೆಯ ವಿದ್ಯಾರ್ಥಿನಿಯೊಬ್ಬರು ಬಂದು ಹಾಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಅದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವ ಕೆಲಸ. ನಾನು ಮೌಸ್ ಹಿಡಿದು, ಪರದೆಯ ಮೇಲೆ ದನಿ ಏಳುವ ಬೀಳುವ ಗೆರೆ ನೋಡಿಕೊಂಡು ಕತ್ತರಿಸುತ್ತಿದ್ದೆ. ಎಲ್ಲಿ ಗೆರೆ ಸಪಾಟಾಗಿದೆಯೋ ಅಲ್ಲಿ ತೆಗೆದುಬಿಟ್ಟರೆ ಕೆಲಸ ಚೊಕ್ಕಟ ಎಂದು ನನ್ನ ಲೆಕ್ಕ. ಮೊದಲ ಹಾಡು ಹಾಗೆ ಮಾಡಿ ಕೇಳಿಸಿದೆ. ಮಾಸ್ತರರು ಪೂರ್ತಿ ಕೇಳಿದರು.

"ಎಲ್ಲಾ ಉಸರ ತಗದ ಬಿಟ್ಟೀಯಲ್ಲ ತಂಗಿ. ಆ ಹೆಣ್ಮಗಳು ಹೆಂಗ ಬದಕಬೇಕು?"

ಅಂದಿನಿಂದ ಮೌಸಿಗೆ ಬಹಿಷ್ಕಾರ. ಅದನ್ನು ಹಿಡಿದರೆ ಕಣ್ಣು ಪರದೆಗೆ ಅಂಟುತ್ತದೆ, ಕಣ್ಣು ಕೆಲಸ ಮಾಡಿದರೆ ಕಿವಿ ಮಲಗುತ್ತದೆ ಎಂಬುದು ಅವರ ವಾದ. ಕೀಬೋರ್ಡಿನಲ್ಲೇ ಎಲ್ಲ ಆಗುತ್ತದೆಂದು ಗೊತ್ತಾದದ್ದೇ ತಡ, ಯಾವ ಅಕ್ಷರಕ್ಕೆ ಏನಾಗುತ್ತದೆ ಎಂದು ನನ್ನನ್ನು ಪೀಡಿಸಿ ಪೀಡಿಸಿ ಬಾಯಿಪಾಠ ಮಾಡಿಕೊಂಡರು. ಸ್ಪೇಸ್ ಒತ್ತಿದರೆ ಹಾಡು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕಂಟ್ರೋಲ್ ಹಿಡಿದು ಎಕ್ಸ್ ಒತ್ತಿದರೆ ಕತ್ತರಿ, ವಿ ಒತ್ತಿದರೆ ಅಂಟು, ಜೆಡ್ ಒತ್ತಿದರೆ ಮಾಡಿದ್ದೆಲ್ಲ ವಾಪಸ್. ಕಂಟ್ರೋಲ್ ಒಂದನ್ನೇ ಒತ್ತಿದರೆ ಸದ್ದಿಲ್ಲ, ಅದಿಲ್ಲದೆ ಈ ಅಕ್ಷರಗಳು ಕೆಲಸ ಮಾಡುವುದಿಲ್ಲ. ಆದ್ದರಿಂದ ಅದಕ್ಕೆ ಅವರಿಟ್ಟ ಹೆಸರು ಗಾಳಿ. ಗಾಳಿ ಹಾಕುವ ಕೆಲಸ ನನ್ನದು. ಅವರ ಎಡಕ್ಕೆ ಸ್ಟೂಲು ಹಾಕಿಕೊಂಡು, ಕಂಟ್ರೋಲಿನ ಮೇಲೆ ಎಡಗೈ ಬೆರಳಿಟ್ಟು ಕೂಡಬೇಕು. ಅವರು ಕಣ್ಣು ಮುಚ್ಚಿ ಕೇಳುವರು. ಬೇಕಾದ ಜಾಗ ಬಂದಾಗ, "ಗಾಳಿ ಹಾಕು ತಂಗಿ." ನಾನು ಒತ್ತಿ ಹಿಡಿಯಬೇಕು, ಅವರು ಅಕ್ಷರ ಹೊಡೆಯಬೇಕು. ಒಂದು ಕೂದಲೆಳೆ ತಡವಾದರೆ ನನ್ನ ಏಳು ತಲೆಮಾರಿಗೆ ತಾಳ ಇಲ್ಲವೆಂದು ಬೈಗುಳ.

ಕತ್ತರಿಸಿದ್ದಾದರೂ ಕತ್ತರಿಸಿದಂತೆ ಇರಬೇಕಲ್ಲ. ತೆಗೆ ಅನ್ನುವರು, ಬೇಡ ಇರಲಿ ಅನ್ನುವರು, ಒಂದು ಗುಟುಕು ಚಹಾ ಕುಡಿದು ಮತ್ತೆ ತೆಗೆ ಅನ್ನುವರು. ಒಂದು ಆಲಾಪದ ತುದಿಗೆ ಇಡೀ ಮಧ್ಯಾಹ್ನ ಹೋಗುತ್ತಿತ್ತು. ಹೊರಗೆ ಜಾಹೀರಾತಿನವರು ಕಾಯುತ್ತಿದ್ದರು, ಅಣ್ಣ ಹಲ್ಲು ಕಡಿಯುತ್ತಿದ್ದ. ಒಂದೇ ಕೈಯಲ್ಲಿ ಹೆಬ್ಬೆರಳನ್ನು ಕಂಟ್ರೋಲಿನ ಮೇಲಿಟ್ಟು ನಡುಬೆರಳಿಂದ ಅಕ್ಷರ ಒತ್ತಬಹುದು ಎಂದು ನಾನು ಮೊದಲ ವಾರವೇ ಮಾಡಿ ತೋರಿಸಿದ್ದೆ. ತಮ್ಮ ಬೆರಳು ಅಷ್ಟು ಅಗಲ ಆಗುವುದಿಲ್ಲ ಎಂದರು. ಪೇಟಿಯ ಮೇಲೆ ಒಂದಿಡೀ ಸಪ್ತಕಕ್ಕೆ ಚಾಚುತ್ತಿದ್ದ ಬೆರಳು! ನಾನೂ ನಂಬಿದೆ.

ಒಂದು ದಿನ ನನ್ನ ತಾಳ್ಮೆ ಹರಿಯಿತು. ಒಂದೇ ಉಸಿರನ್ನು ತೆಗೆದು ಹಾಕಿ, ತೆಗೆದು ಹಾಕಿ ನನ್ನ ಬೆರಳು ಮರಗಟ್ಟಿತ್ತು. ನನ್ನ ಕೈ ನಿಮ್ಮ ಪೇಟಿಯ ಸಾಮಾನಲ್ಲ, ನಿಮ್ಮ ಕ್ಯಾಸೆಟ್ಟೂ ಬೇಡ, ಈ ನೌಕರಿಯೂ ಬೇಡ ಎಂದು ಎದ್ದು ಹೊರಗೆ ಹೋದೆ. ಅಂಗಡಿಯ ಕಟ್ಟೆಯ ಮೇಲೆ ಕೂತು ಸಿಟ್ಟು ಇಳಿಸಿಕೊಂಡು ತಿರುಗಿ ಬಂದರೆ, ಬಾಗಿಲ ಗಾಜಿನಲ್ಲಿ ಕಂಡದ್ದು ಇದು: ಮಾಸ್ತರರು ಕಣ್ಣು ಮುಚ್ಚಿ ಕೂತಿದ್ದಾರೆ, ಹೆಬ್ಬೆರಳು ಕಂಟ್ರೋಲಿನ ಮೇಲಿದೆ, ನಡುಬೆರಳು ಎಕ್ಸ್, ಜೆಡ್, ವಿ ಎಂದು ಸಲೀಸಾಗಿ ಓಡಾಡುತ್ತಿದೆ. ನನ್ನನ್ನು ಕಟ್ಟಿಹಾಕಿಕೊಂಡು ಒಂದು ವಾರ ಮಾಡುತ್ತಿದ್ದ ಕೆಲಸ ಅಷ್ಟರಲ್ಲಿ ಮುಗಿದಿತ್ತು.

ನಾನು ಬಾಗಿಲು ದೂಡಿದ ರಭಸಕ್ಕೆ ಅವರು ಕಣ್ಣು ಬಿಟ್ಟರು. ಕೈ ಹಿಂದಕ್ಕೆ ತೆಗೆಯಲಿಲ್ಲ.

"ನಿಮಗ ಒಬ್ಬರಿಗೇ ಮಾಡಾಕ ಬರ್ತೈತಿ. ಹೌದಲ್ರಿ?" ಎಂದೆ.

"ಬರ್ತೈತಿ," ಎಂದರು. ತೊಡೆಯ ಮೇಲಿನ ಕರವಸ್ತ್ರವನ್ನು ಸರಿಪಡಿಸಿದರು. "ಒಬ್ಬನ ಮಾಡಿದ್ರ ಟೈಪ್ ಹೊಡದಂಗ ಅಕ್ಕೈತಿ ತಂಗಿ. ಎಡಕ್ಕ ಒಂದು ಕೈ ಇದ್ರ ಬಾರಿಸಿದಂಗ ಅನಸ್ತೈತಿ. ಲಕ್ವಾ ಹೊಡದ ಮ್ಯಾಲ ನಾ ಬಾರಿಸಿದ್ದು ಇಲ್ಲೇ."

ನನ್ನ ಸಿಟ್ಟಿಗೆ ಪೂರ್ತಿ ನ್ಯಾಯವಿತ್ತು, ಆದರೂ ಅದನ್ನು ಇಡಲು ಜಾಗವಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತೆ. ಕಂಟ್ರೋಲಿನ ಮೇಲೆ ಬೆರಳಿಟ್ಟೆ. ತಾವೊಬ್ಬರೇ ಮಾಡಿ ಮುಗಿಸಿದ್ದನ್ನೆಲ್ಲ ಅವರು ನನ್ನ ಕೈಯಿಂದ ವಾಪಸ್ ತೆಗೆಸಿದರು, ಇಬ್ಬರೂ ಕೂಡಿ ಮೊದಲಿನಿಂದ ಮಾಡಿದೆವು. ಮೊದಲಿಗಿಂತ ಚೆನ್ನಾಗಿ ಬಂತೇ ಎಂದರೆ ಇಲ್ಲ, ಅಷ್ಟೇ ಇತ್ತು. ಅಣ್ಣನಿಗೆ ಹೇಳಿದ್ದರೆ ಇಬ್ಬರನ್ನೂ ಹೊರಗೆ ಹಾಕುತ್ತಿದ್ದ.

ಕ್ಯಾಸೆಟ್ ಬಂತು. ಮಾಸ್ತರರು ಅಂಗಡಿಯಲ್ಲಿ ನಿಂತೇ ಎರಡೂ ಬದಿ ಕೇಳಿದರು, ತಬಲಾ ಸ್ವಲ್ಪ ಜಾಸ್ತಿಯಾಯಿತು ಎಂದು ನನ್ನ ಮೇಲೆ ಹಾಕಿದರು, ಹೋದರು. ಮುಂದಿನ ವರ್ಷದ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಕೂಡಿಸಿದ್ದ ದೇಹದ ಪಕ್ಕದಲ್ಲಿ ಪೇಟಿ ಇತ್ತು, ಅಟ್ಟದಿಂದ ಇಳಿಸಿ ಒರೆಸಿದ್ದರು. ಭಜನೆಯವರು ಹಾಡುತ್ತಿದ್ದರು. ನಾನು ಯಾರೆಂದು ಹೇಳಬೇಕು ಎಂದು ತಡವರಿಸುವಾಗ ಅವರ ಹೆಂಡತಿ ನನ್ನ ಎಡಗೈ ಹಿಡಿದುಕೊಂಡರು.

"ಗಾಳಿ ಹಾಕೂ ಹುಡುಗಿ ನೀನ ಏನವ್ವಾ?"

ಹೌದೆಂದೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಈಗಲೂ ನನ್ನದು ಇದೇ ಕೆಲಸ. ಮೌಸ್ ಮುಟ್ಟುವುದಿಲ್ಲ, ಹಾಡುವವರ ಉಸಿರು ತೆಗೆಯುವುದಿಲ್ಲ, ಕಣ್ಣು ಮುಚ್ಚಿ ಕತ್ತರಿಸುತ್ತೇನೆ. ಇಷ್ಟೆಲ್ಲ ಅವರದೇ ಋಣ, ಒಪ್ಪುತ್ತೇನೆ. ಆದರೆ ಒಂದು ಕಾಟ ಮಾತ್ರ ಇನ್ನೂ ಬಿಟ್ಟಿಲ್ಲ. ಎಡಗೈ ಕಂಟ್ರೋಲ್ ಒತ್ತಿದ ಮೇಲೆ ಬಲಗೈ ತಕ್ಷಣ ಏಳುವುದಿಲ್ಲ. ಅಕ್ಷರ ಹೊಡೆಯಬೇಕಾದದ್ದು ತಾನಲ್ಲ ಎಂಬಂತೆ ಸುಮ್ಮನೆ ಕಾಯುತ್ತದೆ. ಪ್ರತಿ ಸಲವೂ ಅದಕ್ಕೆ ಹೇಳಬೇಕು, ಮಾಸ್ತರರು ಇಲ್ಲ, ನೀನೇ ಹೊಡಿ ಎಂದು.